ಹೊರದೇಶದಲ್ಲಿ ಕಾಯ್ತಾ ಇರೋ ಸೇವೆಯ ಕುಟುಂಬ: ನಮ್ಮ ಅನುಭವ ಕೇಳಿದ್ರಲ್ಲ, ಮೊದ್ಲು ಪೆಟ್ಟಿಗೆ ಬಿಚ್ಚಿಸಿ

ಸಿಸ್ಟರ್, ನಿಮ್ಮ ಪ್ರಶ್ನೆ ನಿನ್ನೆನೇ ಓದಿದೆ. ಅಕ್ಕ ಭಾವ ಹೊರದೇಶದಲ್ಲಿ ಚರ್ಚಿನ ಮಿಷನರಿ ಸೇವೆ ಮುಗಿಸಿ ಹೊರಡೋ ಹೊತ್ತಿಗೆ ಫ್ಲೈಟ್ ನಿಂತು ಮಕ್ಕಳ ಜೊತೆ ಅಲ್ಲೇ ಕೂತಿದ್ದಾರೆ, ಕೋವಿಡ್ ಟೈಮಲ್ಲಿ ಹೀಗೆ ಸಿಕ್ಕಾಕೊಂಡಿದ್ದವರು ಹೇಗೆ ಕಾಲ ತಳ್ಳಿದ್ರಿ, ಬೆಂಗಳೂರಲ್ಲಿ ಕೂತ್ಕೊಂಡು ನಾವೇನ್ ಮಾಡ್ಬಹುದು ಅಂತ ಕೇಳಿದ್ದೀರ. ಉಳಿದವರು ವೀಸಾ ಟಿಕೆಟ್ ಬಗ್ಗೆ ಬರೆದಿದ್ದಾರೆ, ನಾನು ಪೆಟ್ಟಿಗೆಯಿಂದ ಶುರು ಮಾಡ್ತೀನಿ.

ನಾವು ಕಾದಿದ್ದು ಉಗಾಂಡಾದಲ್ಲಿ, ಕಂಪಾಲಾದಿಂದ ಒಂದು ಗಂಟೆ ದಾರಿ. ಎರಡು ವರ್ಷದ ಸೇವೆ ಮುಗಿದಿತ್ತು, ಟಿಕೆಟ್ ಇದ್ದಿದ್ದು 2020ರ ಮಾರ್ಚ್ 27ಕ್ಕೆ. ಮನೆ ಖಾಲಿ ಮಾಡಿ, ಸ್ಟೌ ಪಾತ್ರೆ ಹಾಸಿಗೆ ಎಲ್ಲಾ ಅಕ್ಕಪಕ್ಕದವರಿಗೆ ಕೊಟ್ಟು, ಕೊನೇ ವಾರಕ್ಕೆ ಅಂತ ಗೆಸ್ಟ್ ಹೌಸಿನ ಒಂದು ರೂಮಿಗೆ ಬಂದಿದ್ವಿ. ಅಷ್ಟರಲ್ಲಿ ಇಂಡಿಯಾ ಇಂಟರ್‌ನ್ಯಾಷನಲ್ ಫ್ಲೈಟ್ ನಿಲ್ಲಿಸ್ತು, ಅದೇ ಹೊತ್ತಿಗೆ ಎಂಟೆಬೆ ಏರ್‌ಪೋರ್ಟೂ ಮುಚ್ತು. ಅದು ಮತ್ತೆ ತೆಗೆದಿದ್ದು ಅಕ್ಟೋಬರ್ 1ಕ್ಕೆ. ಲೆಕ್ಕ ಹಾಕ್ಕೊಳಿ.

ಮೊದಲ ಎರಡು ತಿಂಗಳು ನಾವು ಮಾಡಿದ ದಡ್ಡತನ ಏನಂದ್ರೆ ಸೂಟ್‌ಕೇಸ್ ಬಿಚ್ಚಲೇ ಇಲ್ಲ. ಇವತ್ತು ಫೋನ್ ಬರುತ್ತೆ ನಾಳೆ ಬರುತ್ತೆ ಅಂತ ಮೇಲಿಟ್ಟಿದ್ದ ಮೂರು ಜೊತೆ ಬಟ್ಟೆನೇ ಒಗೆದು ಒಗೆದು ಹಾಕ್ಕೊಂಡ್ವಿ, ಮಗನ ಬಣ್ಣದ ಪೆನ್ಸಿಲ್ ಡಬ್ಬ ಒಳಗಡೆ ಪ್ಯಾಕ್ ಆಗಿತ್ತು, ಅವ್ನು ಕೇಳಿದಾಗಲೆಲ್ಲ "ಊರಿಗೆ ಹೋದ್ಮೇಲೆ ಕೊಡ್ತೀನಿ" ಅಂತಿದ್ದೆ. ಆರು ವರ್ಷದ ಮಗು ಎಷ್ಟು ಸಲ ಕೇಳುತ್ತೆ? ಒಂದಿನ ಕೇಳೋದೇ ಬಿಟ್ಟ, ಅದೇ ನಂಗೆ ಜಾಸ್ತಿ ಹೊಟ್ಟೆ ಉರಿಸಿದ್ದು. ಸೆರೆ ಹೋದವರು ಪರದೇಶದಲ್ಲೇ ಮನೆ ಕಟ್ಟಿ ತೋಟ ಹಾಕ್ಕೊಳ್ಳಲಿ ಅಂತ ಬೈಬಲ್‌ನಲ್ಲಿ ಪ್ರವಾದಿ ಯೆರೆಮೀಯ ಹೇಳಿದ್ದರ ಮೇಲೆ ನಮ್ಮ ಯಜಮಾನ್ರು ಎಷ್ಟೋ ಪ್ರಸಂಗ ಮಾಡಿದ್ದಾರೆ, ಆದ್ರೆ ಪೆಟ್ಟಿಗೆ ಬೀಗದ ಕೀ ಮಾತ್ರ ಜೇಬಲ್ಲೇ ಇಟ್ಕೊಂಡಿದ್ರು!

ಬುದ್ಧಿ ಬಂದಿದ್ದು ಅಂಗಡಿ ಅಜ್ಜನಿಂದ, ಗುಜರಾತಿಯವರು. "1972ರಲ್ಲಿ ಇಲ್ಲಿ ಆಳ್ತಿದ್ದ ಇದಿ ಅಮೀನ್ ನಮ್ಮಂಥ ಏಷ್ಯಾದವರಿಗೆ 90 ದಿನದಲ್ಲಿ ದೇಶ ಬಿಟ್ಟು ಹೊರಡಿ ಅಂದ, ನಿಮಗೆ ನೋಡಿದ್ರೆ ಹೊರಡ್ಬೇಡಿ ಅಂತಿದ್ದಾರೆ, ನನಗೆ ಹಾಗಂದಿದ್ರೆ ಕುಣಿದಾಡ್ಬಿಡ್ತಿದ್ದೆ" ಅಂತ ನಕ್ಕರು. ಅವತ್ತೇ ರಾತ್ರಿ ನಾಲ್ಕೂ ಪೆಟ್ಟಿಗೆ ಬಿಚ್ಚಿದ್ವಿ.

ಆಮೇಲೆ ಹಿತ್ತಲಲ್ಲಿ ಸೊಪ್ಪು ಹಾಕಿದ್ವಿ. ಅಲ್ಲಿ ದೋಡೋ ಅಂತಾರೆ, ನಮ್ಮ ದಂಟಿನ ಸೊಪ್ಪಿನ ಜಾತಿನೇ. ಗೆಸ್ಟ್ ಹೌಸಲ್ಲಿ ಅಡುಗೆ ಮಾಡೋ ಅಮ್ಮ ಪಶ್ಚಿಮ ಸೀಮೆಯವರು, ಒಂದಿನ ದೊಡ್ಡ ಪಾತ್ರೇಲಿ ಕಂದು ಹಿಟ್ಟು ಹಾಕಿ ಮರದ ಕೋಲಲ್ಲಿ ಗರಗರ ತಿರುವ್ತಾ ಇದ್ರು, ನಮ್ಮ ಮಗ ಓಡಿ ಬಂದು "ಅಮ್ಮಾ ಮುದ್ದೆ!" ಅಂದ. ಕಲೋ ಅಂತ ಅದ್ರ ಹೆಸರು, ರಾಗಿ ಹಿಟ್ಟಿಗೆ ಮರಗೆಣಸಿನ ಹಿಟ್ಟು ಬೆರೆಸ್ತಾರೆ, ಸ್ವಲ್ಪ ಅಂಟು ಜಾಸ್ತಿ. ಎರಡು ವರ್ಷ ಮಟೋಕೆ ಅಂತ ಬೇಯಿಸಿದ ಬಾಳೆಕಾಯಿ ತಿಂದವರಿಗೆ ಇದು ಗೊತ್ತೇ ಇರ್ಲಿಲ್ಲ ನೋಡಿ. ರಾಗಿ ಹುಟ್ಟೂರೇ ಇಥಿಯೋಪಿಯಾ ಉಗಾಂಡಾ ಕಡೆ ಅಂತೆ, ನಾವೇ ಅದನ್ನ ನಮ್ಮದು ಅಂತ ಮೆರೀತೀವಿ. ಅವತ್ತು ಸೊಪ್ಪಿನ ಬಸ್ಸಾರು ಮಾಡಿ ಎಲ್ಲರಿಗೂ ಬಡಿಸಿದೆ, ನಾವು ಮುದ್ದೆನ ಅಗಿಯದೆ ನುಂಗೋದು ನೋಡಿ ಆ ಅಮ್ಮ ಬಿದ್ದು ಬಿದ್ದು ನಕ್ಕರು.

ಇನ್ನು ನೀವು ಇಲ್ಲಿಂದ ಮಾಡ್ಬಹುದಾದ್ದು. ದಯವಿಟ್ಟು "ಯಾವಾಗ ಬರ್ತೀರ" ಅಂತ ಕೇಳೋದು ನಿಲ್ಲಿಸಿ. ಸಂಪಂಗಿರಾಮನಗರದಲ್ಲಿ ನಮ್ಮಮ್ಮ ದಿನಾ ರಾತ್ರಿ ಎಂಟೂವರೆಗೆ ಅದೊಂದೇ ಕೇಳೋರು, ಅಲ್ಲಿ ಆಗ ಸಂಜೆ ಆರು, ಏಳಕ್ಕೆಲ್ಲ ಕರ್ಫ್ಯೂ, ಫೋನ್ ಇಟ್ಮೇಲೆ ರಾತ್ರಿಯೆಲ್ಲ ಅದೇ ಮಾತು ತಲೇಲಿ. ಇನ್ನೊಂದು, ಆಗ ಅಲ್ಲಿ ವಾಟ್ಸಾಪ್‌ಗೂ ದಿನಕ್ಕೆ 200 ಶಿಲ್ಲಿಂಗ್ ತೆರಿಗೆ ಇತ್ತು, ದುಡ್ಡು ಕೊಟ್ಟು ಅಳು ತಗೊಂಡ ಹಾಗೆ! ಆಮೇಲೆ ನನ್ನ ತಮ್ಮ ಅಮ್ಮನಿಗೆ ಏನು ಹೇಳಿದ್ನೋ, ಪಕ್ಕದ ಮನೆ ಬೆಕ್ಕು ಮರಿ ಹಾಕಿದ್ದು, ಕರೆಂಟ್ ಹೋಗಿದ್ದು, ಇಂಥದ್ದೇ ಹೇಳೋಕೆ ಶುರು ಮಾಡಿದ್ರು. ಅದು ಕೇಳ್ತಿದ್ರೆ ಮನೆ ಜಗಲಿ ಮೇಲೆ ಕೂತಂಗಿರ್ತಿತ್ತು.

ದುಡ್ಡಿನ ವಿಷಯ ನೀವೇ ಬಾಯಿ ಬಿಟ್ಟು ಕೇಳಿ, ಅವರಾಗಿ ಹೇಳಲ್ಲ. ಸೇವೆಗೆ ಹೋದವರಿಗೆ ಕೈ ಚಾಚೋಕೆ ನಾಚಿಕೆ. ಇಲ್ಲಿ ಚರ್ಚ್‌ಗಳು ಮುಚ್ಚಿ ಕಾಣಿಕೆ ನಿಂತು ನಮ್ಮ ಸಪೋರ್ಟ್ ಅರ್ಧಕ್ಕಿಳಿದಿತ್ತು, "ಪ್ರಾರ್ಥನೆಲಿ ಇದ್ದೀರ" ಅಂತ ಮೆಸೇಜ್ ಮಾಡಿದವರು ತುಂಬಾ ಜನ, "ರೂಮ್ ಬಾಡಿಗೆ ಎಷ್ಟಮ್ಮ, ಅಕೌಂಟ್ ನಂಬರ್ ಕಳಿಸು" ಅಂದಿದ್ದು ಒಬ್ಬರೇ ಆಂಟಿ. ಪ್ರಾರ್ಥನೆ ಬೇಡ ಅಂತಿಲ್ಲ, ಅದ್ರ ಜೊತೆ ಇದೂ ಇರ್ಲಿ ಅಷ್ಟೇ.

ಮಗಳದ್ದು ಬೇರೆ ಕಥೆ. ಇಲ್ಲಿ ಮಾತಾಡಿಟ್ಟಿದ್ದ ಸ್ಕೂಲ್ ಸೀಟ್ ಕೈ ತಪ್ತು, ಬೇರೆ ಸ್ಕೂಲಿನ ಆನ್‌ಲೈನ್ ಕ್ಲಾಸಿಗೆ ಸೇರಿಸಿದ್ವಿ, ಇಲ್ಲಿ ಎಂಟೂವರೆ ಅಂದ್ರೆ ಅಲ್ಲಿ ಬೆಳಗ್ಗೆ ಆರು, ಕಂಬಳಿ ಹೊದ್ದುಕೊಂಡೇ ಅಟೆಂಡೆನ್ಸ್ ಹೇಳೋಳು. ಆದ್ರೂ ದಿನಕ್ಕೊಂದು ಹಿಡಿತ ಸಿಕ್ತು. ಅಲ್ಲಿನ ಸ್ಕೂಲ್ ಪೂರ್ತಿ ತೆಗೆದಿದ್ದು 2022ರ ಜನವರಿಗೆ, ಅದನ್ನ ನಂಬಿ ಕೂತಿದ್ರೆ ಕಥೆ ಮುಗೀತಿತ್ತು.

ಹೊರದೇಶದಲ್ಲಿ ಸಿಕ್ಕಾಕೊಂಡವರನ್ನ ಕರ್ಕೊಂಡು ಬರೋಕೆ ನಮ್ಮ ಸರ್ಕಾರ ಬಿಟ್ಟ ವಂದೇ ಭಾರತ್ ಫ್ಲೈಟ್ ಮೇ 7ಕ್ಕೆ ಶುರುವಾದಾಗ ಹೈಕಮಿಷನ್‌ನಲ್ಲಿ, ಅಂದ್ರೆ ಅಲ್ಲಿನ ನಮ್ಮ ರಾಯಭಾರ ಕಚೇರೀಲಿ, ಹೆಸರು ಬರೆಸಿದ್ವಿ. ಗರ್ಭಿಣಿಯರು, ವಯಸ್ಸಾದವರು, ಕೆಲಸ ಹೋದವರು, ವೀಸಾ ಮುಗಿದವರು ಮೊದ್ಲು, ಟಿಕೆಟ್ ದುಡ್ಡು ಅವರವರದ್ದೇ. ನಾವು ಗಟ್ಟಿಮುಟ್ಟಾಗಿದ್ದ ನಾಲ್ಕು ಜನ, ಹಿಂದೆ ಉಳಿದ್ವಿ, ನ್ಯಾಯನೇ ಬಿಡಿ. ಕೊನೆಗೆ ಸೀಟ್ ಸಿಕ್ಕಿದ್ದು ಅಕ್ಟೋಬರ್ ಕೊನೇಲಿ.

ಇನ್ನೊಂದು ಮರೀಬೇಡಿ, ಮಕ್ಕಳ ಪಾಸ್‌ಪೋರ್ಟ್ ದೊಡ್ಡವರ ಥರ ಹತ್ತು ವರ್ಷ ಅಲ್ಲ, ಐದೇ ವರ್ಷ. ನಮ್ಮ ಮಗನದ್ದು ಆಗಸ್ಟಿಗೆ ಮುಗೀತಿತ್ತು, ನಾವು ನೋಡಿದ್ದು ಪೆಟ್ಟಿಗೆ ಬಿಚ್ಚಿದಾಗ. ಅಕ್ಕಂಗೆ ಇವತ್ತೇ ಫೋನ್ ಮಾಡಿ ಡೇಟ್ ನೋಡೋಕೆ ಹೇಳಿ, ಹಾಗೇ ಮಕ್ಕಳ ಆಟದ ಸಾಮಾನು ಯಾವ ಪೆಟ್ಟಿಗೇಲಿ ಇದೆ ಅಂತಾನೂ ಕೇಳಿ.