ಸರ್ಕಾರಿ ಶಾಲೆಯಲ್ಲಿ ಮಕ್ಕಳಿಗೆ ಕೂರಲು ಜಾಗವಿಲ್ಲ: ಭಾನುವಾರದ ಸಭೆಗೆ ಮುಂಚೆ ಎಲ್ಲರೂ ಓದಿ

ಮನೆ 31, 4ನೇ ಕ್ರಾಸ್ | ಸೋಮವಾರ ಸಂಜೆ 7:40

ನಮ್ಮ ಬಡಾವಣೆ ಗುಂಪಿನ ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ಇವತ್ತು ಕೆರೆ ಪಕ್ಕದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ಹೋಗಿದ್ದೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕನ ಮಗಳನ್ನು ಎರಡನೇ ತರಗತಿಗೆ ಸೇರಿಸಬೇಕಿತ್ತು. ಅವರು ರಾಯಚೂರು ಕಡೆಯವರು. ಇಲ್ಲಿಗೆ ಬಂದು ಒಂದು ತಿಂಗಳಾಯಿತು. ಹೋದ ವಾರ ಅವರೊಬ್ಬರೇ ಹೋದಾಗ "ಜಾಗ ಇಲ್ಲಮ್ಮ, ಮುಂದಿನ ವರ್ಷ ನೋಡೋಣ" ಎಂದು ಕಳಿಸಿದ್ದರಂತೆ. ನನಗೆ ಸಿಟ್ಟು ಬಂದಿತ್ತು. ಕೇಳಿಯೇ ಬಿಡೋಣ ಎಂದು ಜೊತೆಗೆ ಹೋದೆ.

ಹೆಡ್ ಮಿಸ್ ವಾದ ಮಾಡಲಿಲ್ಲ. ಎದ್ದು "ಬನ್ನಿ ಮೇಡಂ, ನೀವೇ ನೋಡಿ" ಎಂದು ಒಂದೊಂದೇ ಕೊಠಡಿ ತೋರಿಸಿದರು. ಅವರಿಗೆ ಆಫೀಸ್ ಕೋಣೆ ಇಲ್ಲ. ಬಿಸಿಯೂಟದ ಅಕ್ಕಿ ಮೂಟೆಗಳ ನಡುವೆ ಅವರ ಮೇಜು ಇದೆ.

ನಲಿ-ಕಲಿ ಕೊಠಡಿ ನೋಡಿ ನನಗೆ ಮಾತೇ ಹೊರಡಲಿಲ್ಲ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಸೇರಿ ಗುಂಪು ಗುಂಪಾಗಿ ದುಂಡಗೆ ಕುಳಿತು, ಕಾರ್ಡ್ ಹಿಡಿದು ಆಡುತ್ತಾ ಕಲಿಯುವ ಪದ್ಧತಿ ಅದು. ದುಂಡಗೆ ಕೂರಬೇಕಾದರೆ ನೆಲ ಬೇಕು ಅಲ್ವಾ? ಒಂದು ಕೊಠಡಿಯಲ್ಲಿ ಅರವತ್ತು ಮಕ್ಕಳು. ದುಂಡು ಮೇಜುಗಳನ್ನು ಜಗುಲಿಗೆ ಸಾಗಿಸಿ ಒಂದರ ಮೇಲೊಂದು ಪೇರಿಸಿದ್ದಾರೆ. ಮಕ್ಕಳು ಸಾಲಾಗಿ, ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಕುಳಿತಿದ್ದರು. ಬಾಗಿಲ ಹತ್ತಿರದ ಮಗು ಪುಸ್ತಕವನ್ನು ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿತ್ತು. ಗೋಡೆಗೆ ಕಟ್ಟಿದ ಕಾರ್ಡುಗಳ ಹತ್ತಿರ ಹೋಗಲು ದಾರಿಯೇ ಇಲ್ಲ.

ಲೆಕ್ಕ ಬರೆದುಕೊಂಡು ಬಂದೆ. ಒಂದರಿಂದ ಐದರವರೆಗೆ 290 ಮಕ್ಕಳು. ಆರು ಮತ್ತು ಏಳರಲ್ಲಿ 122. ಒಟ್ಟು 412. ಹೆಡ್ ಮಿಸ್ ಬಿಟ್ಟು ಏಳು ಜನ ಟೀಚರ್. ಎಂಟು ಕೊಠಡಿ, ಅದರಲ್ಲಿ ಒಂದು ಸೋರುತ್ತದೆ, ಬೀಗ ಹಾಕಿದ್ದಾರೆ. ಹೆಣ್ಣುಮಕ್ಕಳಿಗೆ ಇರುವುದು ಎರಡೇ ಟಾಯ್ಲೆಟ್. ಏಳನೇ ತರಗತಿಯ ಹುಡುಗಿಯೊಬ್ಬಳು, "ಬೆಳಿಗ್ಗೆ ನೀರು ಕುಡಿಯಲ್ಲ ಆಂಟಿ, ಆಮೇಲೆ ಕ್ಯೂ ನಿಲ್ಲಬೇಕು" ಎಂದಳು.

ನಾವೇನು ಮಾಡಬಹುದು, ಹೇಳಿ.

ಮನೆ 18, 2ನೇ ಕ್ರಾಸ್ | 8:05

ಮೇಡಂ, ನೀವು ಹೇಳಿದ್ದು ಸರಿ. ಆದರೆ ಸುತ್ತ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳೆಲ್ಲ ಅಲ್ಲಿಗೇ ಬರುತ್ತಾರೆ. ಆರು ತಿಂಗಳಿದ್ದು ಹೋಗುತ್ತಾರೆ. ಮೊದಲು ಇಲ್ಲೇ ಇರುವವರ ಮಕ್ಕಳಿಗೆ ಸೀಟು ಕೊಟ್ಟು, ಉಳಿದರೆ ಅವರಿಗೆ ಕೊಡಲಿ. ಇಲ್ಲದಿದ್ದರೆ ಈ ಸಮಸ್ಯೆ ಮುಗಿಯುವುದಿಲ್ಲ.

ಮನೆ 31, 4ನೇ ಕ್ರಾಸ್ | 8:11

ಅಣ್ಣ, ನಾವು ವಾಸ ಮಾಡುವ ಮನೆಗಳನ್ನು ಕಟ್ಟಿದವರು ಅವರೇ. ಅವರ ಮಕ್ಕಳನ್ನು ಹಿಂದಕ್ಕೆ ಕಳಿಸಿ ಎಂದು ನಾನು ಯಾವತ್ತೂ ಬರೆದುಕೊಡುವುದಿಲ್ಲ.

ಮನೆ 55, 6ನೇ ಕ್ರಾಸ್ (ನಿವೃತ್ತ ಮೇಷ್ಟ್ರು) | 9:20

ನಾನು 31 ವರ್ಷ ಸರ್ಕಾರಿ ಶಾಲೆಯಲ್ಲಿ ಪಾಠ ಮಾಡಿದವನು. ಕೆಲವು ವಿಷಯ ಗೊತ್ತಿದೆ, ಹೇಳುತ್ತೇನೆ.

18ನೇ ಮನೆಯ ಸರ್‌ಗೆ ಮೊದಲು. ಶಿಕ್ಷಣ ಹಕ್ಕು ಕಾಯ್ದೆ 2009ರದ್ದು, 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ವಲಸೆ ಬಂದ ಕುಟುಂಬಗಳ ಮಕ್ಕಳಿಗೆ ಪ್ರವೇಶ ಸಿಗುವಂತೆ ನೋಡಿಕೊಳ್ಳಬೇಕು ಎಂದು ಅದರ 9ನೇ ಸೆಕ್ಷನ್ನಿನಲ್ಲಿ ಬಿಡಿಸಿ ಬರೆದಿದೆ. ಜನನ ಪ್ರಮಾಣಪತ್ರ ಇಲ್ಲ ಎಂದು ಮಗುವನ್ನು ಬೇಡ ಎನ್ನುವಂತಿಲ್ಲ. ಟಿಸಿ ತಡವಾಯಿತು ಎಂದೂ ನಿಲ್ಲಿಸುವಂತಿಲ್ಲ. ರಾಯಚೂರಿನ ಮಗುವಿಗೆ ಸೀಟು ಅವಳ ಹಕ್ಕು.

ಇನ್ನೊಂದು ಮಾತು, ಇದನ್ನು ಬಹಳ ಜನ ಗಮನಿಸುವುದಿಲ್ಲ. ಶಾಲೆಗೆ ಎಷ್ಟು ಟೀಚರ್ ಬೇಕು ಎಂದು ಇಲಾಖೆ ನೋಡುವುದು ದಾಖಲಾದ ಮಕ್ಕಳ ಲೆಕ್ಕದಿಂದ. ಯೂಡೈಸ್‌ಗೆ, ಅಂದರೆ ಶಾಲೆಗಳ ಅಂಕಿಅಂಶ ಇಡುವ ಸರ್ಕಾರಿ ವ್ಯವಸ್ಥೆಗೆ, ಹೋಗುವುದೂ ಅದೇ ಸಂಖ್ಯೆ. ಬಾಗಿಲಿನಿಂದ ಹಿಂದಕ್ಕೆ ಕಳಿಸಿದ ಮಗು ಆ ಲೆಕ್ಕದಲ್ಲಿ ಇರುವುದಿಲ್ಲ. ಲೆಕ್ಕದಲ್ಲಿ ಇಲ್ಲದ ಮಗುವಿಗೆ ಟೀಚರೂ ಬರುವುದಿಲ್ಲ, ಕೊಠಡಿಯೂ ಬರುವುದಿಲ್ಲ. ಹಾಗಾಗಿ ಸೇರಿಸಿಕೊಂಡೇ ಕೇಳಬೇಕು.

ಈಗ ಕಾಯ್ದೆಯ ಪಟ್ಟಿ ಇಟ್ಟುಕೊಂಡು ನಮ್ಮ ಶಾಲೆಯ ಲೆಕ್ಕ ನೋಡಿ. ಐದರವರೆಗೆ 200ಕ್ಕಿಂತ ಹೆಚ್ಚು ಮಕ್ಕಳಿದ್ದರೆ, ಹೆಡ್ ಮಾಸ್ಟರ್ ಬಿಟ್ಟು, ಒಬ್ಬ ಟೀಚರಿಗೆ 40 ಮಕ್ಕಳು ದಾಟಬಾರದು. 290ಕ್ಕೆ ಎಂಟು ಟೀಚರ್. ಆರನೆಯದರಿಂದ ಮೇಲೆ 35 ಮಕ್ಕಳಿಗೆ ಒಬ್ಬರು. 122ಕ್ಕೆ ನಾಲ್ಕು. ಒಟ್ಟು ಹನ್ನೆರಡು ಬೇಕು, ಇರುವುದು ಏಳು. ಪ್ರತಿ ಟೀಚರಿಗೂ ಒಂದು ಕೊಠಡಿ ಇರಬೇಕು, ಅದರ ಜೊತೆ ಆಫೀಸ್ ಕೋಣೆ ಬೇರೆ. ಬೀಗ ಹಾಕಿದ ಕೊಠಡಿ ಬಿಟ್ಟರೆ ಬಳಸಲು ಇರುವುದು ಏಳು. ಅಲ್ಲಿಗೆ ಐದು ಟೀಚರ್, ಐದು ಕೊಠಡಿ, ಒಂದು ಆಫೀಸ್ ಕಡಿಮೆ. "ಶಾಲೆ ತುಂಬಿದೆ" ಎಂದು ಬರೆದರೆ ಯಾರೂ ಅಲ್ಲಾಡುವುದಿಲ್ಲ. ಈ ಸಂಖ್ಯೆ ಬರೆದರೆ ಉತ್ತರ ಕೊಡಲೇಬೇಕಾಗುತ್ತದೆ.

ಮನೆ 72, 8ನೇ ಕ್ರಾಸ್ | 9:34

ಮೇಷ್ಟ್ರೇ, ಎರಡು ಪಾಳಿ ಮಾಡಿದರೆ ಆಗುವುದಿಲ್ಲವೇ? ಅರ್ಧ ಮಕ್ಕಳು ಬೆಳಿಗ್ಗೆ, ಅರ್ಧ ಮಧ್ಯಾಹ್ನ.

ಮನೆ 55, 6ನೇ ಕ್ರಾಸ್ | 9:41

ಕೊಠಡಿಯ ಕಷ್ಟ ಸ್ವಲ್ಪ ಇಳಿಯುತ್ತದೆ, ಟೀಚರ್ ಕಷ್ಟ ಹಾಗೇ ಉಳಿಯುತ್ತದೆ. ಅದೇ ಏಳು ಜನ ಎರಡೂ ಪಾಳಿಗೆ ನಿಲ್ಲಬೇಕು. ಐದರವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಪಾಠ ಆಗಬೇಕು. ಆರರಿಂದ ಮೇಲೆ 220 ದಿನ, 1000 ಗಂಟೆ. ಪಾಳಿ ಮಾಡಿದರೆ ದೊಡ್ಡ ಮಕ್ಕಳ ಗಂಟೆ ಕಡಿಮೆ ಬೀಳುತ್ತದೆ. ತಾಯಂದಿರು ಕೆಲಸಕ್ಕೆ ಹೋದಾಗ ಆ ಮಕ್ಕಳು ಅರ್ಧ ದಿನ ಎಲ್ಲಿರಬೇಕು? ನನಗೆ ಇದು ಬೇಡ ಅನಿಸುತ್ತದೆ.

ಮನೆ 40, 5ನೇ ಕ್ರಾಸ್ | 9:50

ಸುಮ್ನೆ ಶಾಸಕರ ಹತ್ತಿರ ಹೋಗೋಣ. ಅವರಿಗೆ ಪ್ರದೇಶಾಭಿವೃದ್ಧಿ ನಿಧಿ ಇರುತ್ತದೆ. ಎರಡು ಕೊಠಡಿ ಕಟ್ಟಿಸಿಕೊಡಲಿ.

ಮನೆ 31, 4ನೇ ಕ್ರಾಸ್ | 10:02

ಹೋಗೋಣ ಸರ್. ಆದರೆ ಕೈಯಲ್ಲಿ ಕಾಗದ ಇರಬೇಕು. ಆ ಕಾಗದ ಯಾರದ್ದಾಗಿರಬೇಕು? ನಮ್ಮ ಬಡಾವಣೆ ಸಂಘದ ಲೆಟರ್‌ಹೆಡ್ ಸಾಕಾಗುವುದಿಲ್ಲ. ಶಾಲೆಗೆ ಎಸ್‌ಡಿಎಂಸಿ, ಅಂದರೆ ಪೋಷಕರ ಸಮಿತಿ, ಇದೆ ಅಲ್ವಾ, ಅದರ ನಿರ್ಣಯ ಬೇಕು. ಗೋಡೆ ಮೇಲಿನ ಬೋರ್ಡ್ ಓದಿಕೊಂಡು ಬಂದಿದ್ದೇನೆ. ಅಧ್ಯಕ್ಷರ ಮಗ ಏಳನೇ ತರಗತಿ ಮುಗಿಸಿ ಶಾಲೆ ಬಿಟ್ಟು ಎರಡು ವರ್ಷ ಆಗಿದೆಯಂತೆ. ಆಮೇಲೆ ಸಮಿತಿ ಸರಿಯಾಗಿ ಸೇರಿಲ್ಲ.

ಮನೆ 9, 1ನೇ ಕ್ರಾಸ್, ಮೂರನೇ ಮಹಡಿ | 10:30

ಅಕ್ಕ, ನಾನು ಈ ಗುಂಪಿನಲ್ಲಿ ಯಾವತ್ತೂ ಬರೆದಿಲ್ಲ. ನನ್ನ ಮಗ ಅದೇ ಶಾಲೆಯಲ್ಲಿ ನಾಲ್ಕನೇ ತರಗತಿ. ನಾನು ಗಾರ್ಮೆಂಟ್ಸ್‌ಗೆ ಹೋಗುತ್ತೇನೆ. ಪೋಷಕರ ಸಭೆ ಕರೆಯುವುದಿಲ್ಲ ಎಂದಲ್ಲ, ಕರೆಯುತ್ತಾರೆ. ಬುಧವಾರ ಹನ್ನೊಂದು ಗಂಟೆಗೆ. ಒಂದು ದಿನ ರಜೆ ಹಾಕಿದರೆ ಆ ದಿನದ ಕೂಲಿ ಹೋಗುತ್ತದೆ, ಹಾಜರಾತಿ ಬೋನಸ್ಸೂ ಹೋಗುತ್ತದೆ. ನಮ್ಮ ಬಿಲ್ಡಿಂಗ್‌ನಲ್ಲೇ ಆರು ಜನ ತಾಯಂದಿರಿದ್ದೇವೆ, ಒಬ್ಬರಿಗೂ ಹೋಗಲು ಆಗಿಲ್ಲ. ಹೋದ ಸಲ ಸಹಿಗೆ ಪುಸ್ತಕವನ್ನು ಮಗನ ಕೈಯಲ್ಲೇ ಕಳಿಸಿದ್ದರು. ಏನು ಬರೆದಿದೆ ಎಂದು ಕೇಳಲು ಯಾರೂ ಇರಲಿಲ್ಲ. ಸಹಿ ಹಾಕಿ ಕಳಿಸಿದೆ. ಅದು ತಪ್ಪು ಎಂದು ಈಗ ಅನಿಸುತ್ತಿದೆ.

ಭಾನುವಾರ ಇಟ್ಟರೆ ನಾವೆಲ್ಲ ಬರುತ್ತೇವೆ.

ಮನೆ 55, 6ನೇ ಕ್ರಾಸ್ | 10:44

ತಾಯಿ, ತಪ್ಪು ನಿನ್ನದಲ್ಲ. ಕೆಲಸಕ್ಕೆ ಹೋಗುವವರು ಬರಲಾಗದ ಹೊತ್ತಿನಲ್ಲಿ ಸಭೆ ಇಟ್ಟವರದು. ನೀನು ಬರೆದದ್ದು ಇವತ್ತಿನ ಎಲ್ಲಾ ಮಾತಿಗಿಂತ ಮುಖ್ಯ.

ಎಸ್‌ಡಿಎಂಸಿ ಎಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ. ಮೊದಲು ಗ್ರಾಮ ಶಿಕ್ಷಣ ಸಮಿತಿ ಎಂದಿತ್ತು, ಅದರಲ್ಲಿ ಊರಿನ ದೊಡ್ಡವರೇ ಜಾಸ್ತಿ. ವಿಜ್ಞಾನಿ ರಾಜಾ ರಾಮಣ್ಣ ಅವರ ಕಾರ್ಯಪಡೆ ಶಿಫಾರಸು ಮಾಡಿದ ಮೇಲೆ 2001ರಲ್ಲಿ ನಮ್ಮ ರಾಜ್ಯದಲ್ಲಿ ಎಸ್‌ಡಿಎಂಸಿ ಬಂತು. ಶಾಲೆ ಮಕ್ಕಳ ತಂದೆತಾಯಿಯ ಕೈಗೆ ಬರಬೇಕು ಎನ್ನುವುದೇ ಅದರ ಉದ್ದೇಶ. ಆ ವರ್ಷ ನಾನು ಕೆಲಸದಲ್ಲಿದ್ದ ಹಳ್ಳಿಯಲ್ಲಿ ಕುರಿ ಕಾಯುವ ಮನೆಯ ಹೆಣ್ಣುಮಗಳೊಬ್ಬಳು ಸದಸ್ಯಳಾದಳು. ಪ್ರತಿ ತಿಂಗಳು ಬಂದು ಅಕ್ಕಿ ತೂಕ ನೋಡುತ್ತಿದ್ದಳು. ಓದು ಬರುತ್ತಿರಲಿಲ್ಲ, ತೂಕ ಬರುತ್ತಿತ್ತು.

ಶಿಕ್ಷಣ ಹಕ್ಕು ಕಾಯ್ದೆಯ 21ನೇ ಸೆಕ್ಷನ್ ಇದಕ್ಕೆ ಬಲ ಕೊಟ್ಟಿದೆ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಮಹಿಳೆಯರು. ಶಾಲೆಗೆ ಬಂದ ಹಣ ಹೇಗೆ ಖರ್ಚಾಯಿತು ಎಂದು ನೋಡುವುದು ಅದರ ಕೆಲಸ. ಶಾಲಾಭಿವೃದ್ಧಿ ಯೋಜನೆ ತಯಾರಿಸುವುದೂ ಅದರ ಕೆಲಸ. 22ನೇ ಸೆಕ್ಷನ್ ಪ್ರಕಾರ ಸರ್ಕಾರದ ಅನುದಾನಕ್ಕೆ ಆ ಯೋಜನೆಯೇ ಆಧಾರ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗಾಗಲಿ ಶಾಸಕರ ಹತ್ತಿರವಾಗಲಿ ಹಿಡಿದುಕೊಂಡು ಹೋಗಬೇಕಾದ ಕಾಗದ ಅದು.

ಮನೆ 63, 7ನೇ ಕ್ರಾಸ್ | ಮಂಗಳವಾರ ಬೆಳಿಗ್ಗೆ 6:50

ನಮ್ಮ ಮಕ್ಕಳು ಖಾಸಗಿ ಶಾಲೆಗೆ ಹೋಗುತ್ತಾರೆ. ಸಮಿತಿಗೆ ನಾವು ನಿಲ್ಲಬಹುದೇ? ನನಗೆ ಇಂಥ ಪ್ರಾಜೆಕ್ಟ್ ರಿಪೋರ್ಟ್ ಬರೆಯುವ ಅಭ್ಯಾಸ ಇದೆ.

ಮನೆ 31, 4ನೇ ಕ್ರಾಸ್ | 7:15

ಇಲ್ಲ ಸರ್, ಪೋಷಕರ ಸ್ಥಾನ ಆ ಶಾಲೆಯಲ್ಲಿ ಓದುವ ಮಕ್ಕಳ ಪೋಷಕರಿಗೆ ಮಾತ್ರ. ನನಗೂ ಇಲ್ಲ. ಅದು ಹಾಗೇ ಇರಬೇಕು. ನಾವು ಬರವಣಿಗೆಗೆ ಸಹಾಯ ಮಾಡೋಣ, ಟೈಪ್ ಮಾಡಿಕೊಡೋಣ, ಆಫೀಸಿಗೆ ಓಡಾಡೋಣ. ಕುರ್ಚಿ ಮೇಲೆ ಅವರು ಕೂರಲಿ.

ಇದು ನಮ್ಮ ವಿಷಯವೂ ಹೌದು. 2019-20ರಿಂದ ರಾಜ್ಯದಲ್ಲಿ ನಿಯಮ ಬದಲಾಗಿದೆ. ಹತ್ತಿರದಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು, ಅಂದರೆ ಶಿಕ್ಷಣ ಹಕ್ಕು ಕಾಯ್ದೆಯ ಉಚಿತ ಸೀಟು, ಸಿಗುವುದಿಲ್ಲ. ನಮ್ಮ ಹಿಂದಿನ ಬೀದಿಯ ಇಸ್ತ್ರಿ ಅಂಗಡಿಯವರ ದೊಡ್ಡ ಮಗಳು ಆರ್‌ಟಿಇಯಲ್ಲಿ ಓದಿದಳು, ಚಿಕ್ಕವಳಿಗೆ ಆ ದಾರಿ ಇರಲಿಲ್ಲ. ಅವರಿಗೆಲ್ಲ ಇರುವುದು ಈ ಒಂದೇ ಶಾಲೆ.

ಮನೆ 72, 8ನೇ ಕ್ರಾಸ್ | 7:30

ಸಂಘದ ಹಾಲ್ ಬೆಳಿಗ್ಗೆಯಿಂದ ಸಂಜೆವರೆಗೆ ಖಾಲಿ ಇರುತ್ತದೆ. ಒಂದು ತರಗತಿ ಅಲ್ಲಿ ನಡೆಸಬಹುದು. ಟಾಯ್ಲೆಟ್ ಇದೆ, ಫ್ಯಾನ್ ಇದೆ.

ಮನೆ 9, 1ನೇ ಕ್ರಾಸ್ | 7:38

ಮಧ್ಯೆ ದೊಡ್ಡ ರಸ್ತೆ ಇದೆ ಅಣ್ಣ. ಟಿಪ್ಪರ್ ಲಾರಿ ಓಡಾಡುತ್ತವೆ. ಚಿಕ್ಕ ಮಕ್ಕಳು ಬೇಡ. ಏಳನೇ ತರಗತಿಯವರಾದರೆ ಪರವಾಗಿಲ್ಲ. ಊಟಕ್ಕೆ ಅಲ್ಲಿಗೆ ಹೋಗಬೇಕೋ, ಇಲ್ಲಿಗೆ ತರುತ್ತಾರೋ ಮೊದಲೇ ಕೇಳಬೇಕು.

ಮನೆ 55, 6ನೇ ಕ್ರಾಸ್ | 7:52

ಸರಿಯಾಗಿ ಹೇಳಿದೆ ತಾಯಿ. ಬಿಇಒ ಅವರ ಲಿಖಿತ ಒಪ್ಪಿಗೆಯೂ ಬೇಕು. ಜೊತೆಗೆ ಅತಿಥಿ ಶಿಕ್ಷಕರನ್ನು ಕೊಡಿ ಎಂದು ಈಗಲೇ ಕೇಳಬೇಕು, ಇಲ್ಲದಿದ್ದರೆ ಹಾಲ್‌ನಲ್ಲಿ ಮಕ್ಕಳಿರುತ್ತಾರೆ, ಟೀಚರ್ ಇರುವುದಿಲ್ಲ. ಇದು ಈ ವರ್ಷದ ಮಟ್ಟಿಗೆ ಮಾತ್ರ. ಹಾಲ್ ಕೊಟ್ಟಿದ್ದಾರಲ್ಲ ಎಂದು ಕೊಠಡಿ ಕಟ್ಟುವುದನ್ನು ಮುಂದೆ ಹಾಕಬಾರದು. ಆ ಮಾತು ನಿರ್ಣಯದಲ್ಲೇ ಬರಲಿ.

ಮನೆ 63, 7ನೇ ಕ್ರಾಸ್ | 8:20

ಯಾರೂ ಹೇಳದ ಒಂದು ವಿಷಯ ಹೇಳುತ್ತೇನೆ. ನಮ್ಮ ಬಡಾವಣೆಯ ಕೊನೆಯಲ್ಲಿ ಸಿಎ ಸೈಟ್ (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಇದೆ. ಶಾಲೆ ಕಡೆಯ ಬದಿಗೇ ಇದೆ, ರಸ್ತೆ ದಾಟಬೇಕಿಲ್ಲ. ಲೇಔಟ್ ಮಂಜೂರಾದಾಗ ರಸ್ತೆ, ಪಾರ್ಕ್, ಸಿಎ ಸೈಟ್ ಎಲ್ಲ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿದ್ದು. ಅದು ನಮ್ಮ ಸಂಘದ ಆಸ್ತಿ ಅಲ್ಲ. ಶಿಕ್ಷಣ ಇಲಾಖೆ ಅದನ್ನು ಶಾಲೆಗೆ ಕೇಳಬಹುದು.

ಮನೆ 18, 2ನೇ ಕ್ರಾಸ್ | 8:27

ಅಲ್ಲಿ ಇಪ್ಪತ್ತು ಕಾರು ನಿಲ್ಲುತ್ತವೆ. ಗಣೇಶೋತ್ಸವ, ರಾಜ್ಯೋತ್ಸವ ಎಲ್ಲ ಅಲ್ಲೇ. ಸರ್ವಸದಸ್ಯರ ಸಭೆಯಲ್ಲಿ ಕೇಳದೆ ಯಾರೂ ಅರ್ಜಿ ಹಾಕಬಾರದು.

ಮನೆ 31, 4ನೇ ಕ್ರಾಸ್ | 8:40

ಅಣ್ಣ, ನನ್ನ ಕಾರೂ ಅಲ್ಲೇ ನಿಲ್ಲುತ್ತದೆ. ನಾಳೆಯಿಂದ ಮನೆ ಮುಂದೆ ನಿಲ್ಲಿಸುತ್ತೇನೆ. ಸರ್ವಸದಸ್ಯರ ಸಭೆ ಕರೆಯೋಣ, ಎಲ್ಲರ ಎದುರಿಗೇ ಮಾತಾಡೋಣ. ಆದರೆ ಈ ಭಾನುವಾರದ ಸಭೆ ಪೋಷಕರದ್ದು. ಸಿಎ ಸೈಟ್ ಕೇಳಬೇಕೋ ಬೇಡವೋ ಎಂದು ಅವರು ನಿರ್ಣಯ ಮಾಡಿದರೆ, ಅದನ್ನು ತಡೆಯುವ ಹಕ್ಕು ನಮ್ಮ ಸಂಘಕ್ಕಿಲ್ಲ.

ಮನೆ 18, 2ನೇ ಕ್ರಾಸ್ | 9:15

ನಿರ್ಣಯ ಅವರದ್ದು, ಒಪ್ಪುತ್ತೇನೆ. ಸೈಟ್ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ, ಅದನ್ನು ಸಭೆಯಲ್ಲಿ ಹೇಳುತ್ತೇನೆ. ಸೋರುವ ಕೊಠಡಿಯ ವಿಷಯ ಬೇರೆ. ನನಗೆ ವಾಟರ್‌ಪ್ರೂಫಿಂಗ್ ಮಾಡುವವರು ಗೊತ್ತು. ಸಮಿತಿ ಒಪ್ಪಿದರೆ ಅದರ ಖರ್ಚು ನನ್ನದು.

ಮನೆ 31, 4ನೇ ಕ್ರಾಸ್ | ಗುರುವಾರ ರಾತ್ರಿ 9:00

ಹೆಡ್ ಮಿಸ್ ಒಪ್ಪಿದ್ದಾರೆ. ಭಾನುವಾರ ಬೆಳಿಗ್ಗೆ 9ಕ್ಕೆ ಶಾಲೆಯ ಅಂಗಳದಲ್ಲಿ ಪೋಷಕರ ಸಭೆ. ಮಕ್ಕಳ ಡೈರಿಯಲ್ಲಿ ಚೀಟಿ ಹೋಗಿದೆ. ಹೊಸ ಸಮಿತಿ ಆರಿಸಲು ಸಿಆರ್‌ಪಿ (ಇಲಾಖೆಯ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬರುತ್ತಾರೆ. ರಾಯಚೂರಿನ ಪುಟ್ಟಿ ಬುಧವಾರದಿಂದ ಶಾಲೆಗೆ ಹೋಗುತ್ತಿದ್ದಾಳೆ. ಈಗ 413.

63ನೇ ಮನೆಯ ಸರ್ ಯೋಜನೆಯ ಕರಡು ಬರೆದಿದ್ದಾರೆ. ಮೂರು ವರ್ಷದಲ್ಲಿ ತರಗತಿವಾರು ಎಷ್ಟು ಮಕ್ಕಳಾಗಬಹುದು, ಎಷ್ಟು ಟೀಚರ್, ಎಷ್ಟು ಕೊಠಡಿ, ಎಷ್ಟು ಟಾಯ್ಲೆಟ್ ಎಂದು. ಅದನ್ನು ಸಭೆಯಲ್ಲಿ ಜೋರಾಗಿ ಓದಬೇಕು, ಪೋಷಕರು ತಿದ್ದಬೇಕು, ಆಮೇಲೆ ಸಹಿ. ಖಾಲಿ ಪುಟಕ್ಕೆ ಯಾರೂ ಸಹಿ ಹಾಕಬೇಡಿ. ಒಂದು ಪ್ರತಿ ಬಿಇಒ ಅವರಿಗೆ, ಒಂದು ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಅವರಿಗೆ. ಎರಡಕ್ಕೂ ಸ್ವೀಕೃತಿ ಸೀಲ್ ಹಾಕಿಸಿಕೊಳ್ಳಬೇಕು. ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಎಂದು ಕೇಳಿ ಮಾಹಿತಿ ಹಕ್ಕಿನಲ್ಲಿ ನಾನೇ ಅರ್ಜಿ ಹಾಕುತ್ತೇನೆ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಬರಬೇಕು. ಏನೂ ಆಗದಿದ್ದರೆ ಶಿಕ್ಷಣ ಹಕ್ಕು ಕಾಯ್ದೆಯ 32ನೇ ಸೆಕ್ಷನ್ ಕೆಳಗೆ ಸ್ಥಳೀಯ ಪ್ರಾಧಿಕಾರಕ್ಕೆ ದೂರು. ಅದನ್ನು ಮೂರು ತಿಂಗಳಲ್ಲಿ ತೀರ್ಮಾನಿಸಬೇಕು.

ಕನ್ನಡ ಓದಲು ಬಾರದ ಪೋಷಕರೂ ಇದ್ದಾರೆ. ತೆಲುಗು, ಹಿಂದಿ ಬಲ್ಲವರು ಇಬ್ಬರು ಬೇಕು.

ಮನೆ 40, 5ನೇ ಕ್ರಾಸ್ | 9:06

ಹಿಂದಿಗೆ ನಾನು ಬರುತ್ತೇನೆ. ತೆಲುಗಿಗೆ ನಮ್ಮ ಮನೆಯವರು.

ಮನೆ 72, 8ನೇ ಕ್ರಾಸ್ | 9:12

ಸಂಘದಿಂದ 60 ಕುರ್ಚಿ, ಒಂದು ಮೈಕ್ ಶನಿವಾರ ಸಂಜೆಯೇ ಕಳಿಸುತ್ತೇನೆ.

ಮನೆ 9, 1ನೇ ಕ್ರಾಸ್ | 10:25

ನಮ್ಮ ಬಿಲ್ಡಿಂಗ್‌ನಿಂದ ಆರು ಜನ, ಪಕ್ಕದ ಶೆಡ್‌ಗಳಿಂದ ಹನ್ನೊಂದು ಜನ ಬರುತ್ತೇವೆ. ಸಮಿತಿಗೆ ನಾನು ಹೆಸರು ಕೊಡುತ್ತೇನೆ ಅಕ್ಕ. ಟಾಯ್ಲೆಟ್ ವಿಷಯ ನಾನೇ ಮಾತಾಡುತ್ತೇನೆ. ಮೈಕ್ ಹಿಡಿದು ಅಭ್ಯಾಸ ಇಲ್ಲ, ನೀವು ಪಕ್ಕದಲ್ಲಿ ಕೂತಿರಿ.