ಓದುಗರ ಸ್ಪಂದನ: ಮಗಳ ಬಿಳಿ ಕಲೆಯನ್ನು ಎಷ್ಟು ದಿನ ಮುಚ್ಚಿಡಲಿ?

ಸೇಡಂ ಕಡೆಯ ತಾಯಿಯೊಬ್ಬರು ಕಳೆದ ವಾರ ಬರೆದಿದ್ದರು: ಪಿಯುಸಿ ಓದುವ ಕಿರಿಮಗಳ ಕಣ್ಣಂಚಿನಲ್ಲಿ, ಬೆರಳ ಮೇಲೆ ಬಿಳಿ ಕಲೆಗಳು ಎದ್ದಿವೆ. ಅತ್ತೆ ಮೊಸರು, ಹುಣಸೆ ಬಿಡಿಸಿದ್ದಾರೆ, ಊಟದ ಗಂಗಾಳ (ತಟ್ಟೆ) ಬೇರೆ ಇಟ್ಟಿದ್ದಾರೆ. ಹಿರಿಮಗಳ ಸಂಬಂಧ ಕೂಡಿಬರುವವರೆಗೆ ಆಸ್ಪತ್ರೆಗೂ ಹೋಗಬಾರದಂತೆ. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ.

ಅಕ್ಕಾ, ಗಂಗಾಳ ಬ್ಯಾರೆ ಇಟ್ಟಾರ ಅಂತ ಓದಿ ಎದಿ ಝಲ್ಲಂತು. ಮೊದಲ ಅದನ್ನ ಎಲ್ಲಾರ ಗಂಗಾಳದ ಜೋಡಿ ಇಡ್ರಿ. ತೊನ್ನು ಮುಟ್ಟಿದ್ರ ಹತ್ತಲ್ಲ, ಸಂಗಾಟ ಉಂಡ್ರೂ ಹತ್ತಲ್ಲ. ನನಗ 12 ವರ್ಷಕ್ಕ ಮೊಣಕಾಲ ಮ್ಯಾಗ ಬಂತು, ಈಗ 41. ಗಂಡ, ಇಬ್ಬರು ಮಕ್ಕಳು ಒಂದೇ ಮನ್ಯಾಗ ಇದ್ದೀವಿ, ಯಾರಿಗೂ ಬಂದಿಲ್ಲ.

ನಮ್ಮವ್ವ ಹೆದರಿ ಊರೂರು ತಿರುಗಿದಳು. ಯಾರೋ ಬಾವಂಚಿ ಬೀಜ ಅರದು ಹಚ್ಚಿ ಬಿಸಲಾಗ ಕೂಡಸ್ರಿ ಅಂದ್ರು. ನಮ್ಮ ಮೇ ತಿಂಗಳ ಬಿಸಲು ನಿಮಗ ಗೊತ್ತೇ ಅದ. ಮರುದಿನಕ್ಕ ಮೊಣಕಾಲ ತುಂಬ ಗುಳ್ಳಿ ಎದ್ದು ನೀರು ಸೋರ್ತು. ಆ ಬೀಜದಾಗ ಸೋರಲೆನ್ ಅನ್ನೂದು ಇರ್ತದ, ಬಿಸಲು ಕೂಡಿದ್ರ ಚರ್ಮ ಸುಡ್ತದ ಅಂತ ಡಾಕ್ಟರು ಆಮ್ಯಾಗ ಹೇಳಿದ್ರು. ಗಾಯ ಮಾಯಿತು, ಕಲಿ ಮೊದಲಿನಕಿಂತ ದೊಡ್ಡದಾತು.

ಲಗ್ನಾನೂ ಮುಚ್ಚಿಟ್ಟೇ ಮಾಡಿದ್ರು. ಎಂಟು ದಿನ ಸೀರಿ ನಿರಗಿ ಹಿಡಕೊಂಡೇ ಅಡ್ಡಾಡೀನಿ. ಗೊತ್ತಾದ ಮ್ಯಾಗ ನಮ್ಮವರು, “ಮೊದಲೇ ಹೇಳಿದ್ರ ಏನಾಗ್ತಿತ್ತು?” ಅಂದ್ರು, ಅಷ್ಟೇ. ಬೀಗರಾಗೋರಿಗಿ ನೀವೇ ಬಾಯಿ ಬಿಟ್ಟು ಹೇಳ್ರಿ. ಕೇಳಿ ಎದ್ದು ಹೋಗೋರು ಈಗಲೇ ಹೋಗ್ಲಿ.
– ಗೃಹಿಣಿ, ಆಳಂದ

ಇದು ತೊನ್ನೇ ಎಂದು ಮೊದಲು ಖಚಿತವಾಗಲಿ. ಸಿಬ್ಬು ಕೂಡ ಬೆಳ್ಳಗೆ ಕಾಣುತ್ತದೆ. ಅದು ಶಿಲೀಂಧ್ರದಿಂದ ಬರುವುದು, ಕೆರೆದರೆ ಸಣ್ಣ ಹೊಟ್ಟು ಏಳುತ್ತದೆ. ಕುಷ್ಠದ ಮಚ್ಚೆ ಮಸುಕಾಗಿರುತ್ತದೆ, ಅಲ್ಲಿ ಮುಟ್ಟಿದ್ದು ಸರಿಯಾಗಿ ತಿಳಿಯುವುದಿಲ್ಲ. ತೊನ್ನಿನ ಕಲೆ ಹಾಲುಬಿಳುಪು, ಸ್ಪರ್ಶಕ್ಕೆ ಏನೂ ಕೊರತೆಯಿಲ್ಲ. ಕತ್ತಲೆಯಲ್ಲಿ ವುಡ್ಸ್ ದೀಪ (ಚರ್ಮ ಪರೀಕ್ಷಿಸುವ ನೇರಳಾತೀತ ದೀಪ) ಹಿಡಿದರೆ ಸ್ಪಷ್ಟವಾಗಿ ಹೊಳೆಯುತ್ತದೆ.

ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಕೋಶಗಳನ್ನು ದೇಹದ ರೋಗನಿರೋಧಕ ವ್ಯವಸ್ಥೆಯೇ ಕೊಲ್ಲುವುದರಿಂದ ಇದು ಬರುತ್ತದೆ. ಮೊಸರು, ಹುಣಸೆಯ ಪಾಲೇನೂ ಇಲ್ಲ. ದಯವಿಟ್ಟು ಆ ಹುಡುಗಿಗೆ ಹೊಟ್ಟೆ ತುಂಬ ಊಟ ಕೊಡಿ. ಥೈರಾಯ್ಡ್ ತೊಂದರೆ ಜೊತೆಗೇ ಇರುವುದುಂಟು, ಆ ರಕ್ತಪರೀಕ್ಷೆ ಮಾಡಿಸಿ.

ಹೊಸ ಕಲೆ ಹಳೆಯದಕ್ಕಿಂತ ಬೇಗ ಮಾತು ಕೇಳುತ್ತದೆ; ಅದಕ್ಕೇ ಮದುವೆ ಮುಗಿಯಲಿ ಎಂದು ಕಾಯಬೇಡಿ. ಮುಖಕ್ಕೆ ಸಾಮಾನ್ಯವಾಗಿ ಟ್ಯಾಕ್ರೋಲಿಮಸ್ ಮುಲಾಮು ಕೊಡುತ್ತೇವೆ. ಸ್ಟೀರಾಯ್ಡ್ ಮುಲಾಮನ್ನು ಅಂಗಡಿಯಿಂದ ನೀವೇ ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಕಲೆ ಹಬ್ಬುತ್ತಿದ್ದರೆ ನ್ಯಾರೋಬ್ಯಾಂಡ್ ಯುವಿಬಿ ಬೆಳಕಿನ ಚಿಕಿತ್ಸೆ, ಅಂದರೆ 311 ನ್ಯಾನೋಮೀಟರ್ ಆಸುಪಾಸಿನ ತರಂಗಾಂತರದ ನೇರಳಾತೀತ ಬೆಳಕು. ವಾರಕ್ಕೆ 2–3 ಸಲ, ಹಲವು ತಿಂಗಳು. ಎರಡು ವಾರಕ್ಕೆ ಏನೂ ಕಾಣಲಿಲ್ಲವೆಂದು ಬಿಟ್ಟುಹೋಗುವವರೇ ಬಹಳ, ಅದು ನನಗೆ ತುಂಬ ಸಂಕಟ. ಮೊದಲು ಕೂದಲ ಬುಡದಲ್ಲಿ ಕಂದು ಚುಕ್ಕೆ ಮೂಡುತ್ತವೆ, ಬಣ್ಣದ ಕೋಶಗಳ ದಾಸ್ತಾನು ಅಲ್ಲೇ ಇರುವುದು. ಕಲೆಯ ಮೇಲಿನ ಕೂದಲು ಇನ್ನೂ ಕಪ್ಪಿದ್ದರೆ ಭರವಸೆ ಹೆಚ್ಚು. ಮುಖ ಚೆನ್ನಾಗಿ ಸ್ಪಂದಿಸುತ್ತದೆ, ಬೆರಳ ತುದಿ ಬಹಳ ಕಡಿಮೆ. ಇದನ್ನು ಮಗಳಿಗೂ ಮೊದಲೇ ಹೇಳಿ. ಚರ್ಮ ಕಸಿ ಮಾಡುವುದು ಸುಮಾರು ಒಂದು ವರ್ಷ ಹೊಸ ಕಲೆ ಬರದಿದ್ದರೆ ಮಾತ್ರ. ಅಮೆರಿಕದಲ್ಲಿ 2022ರಲ್ಲಿ ತೊನ್ನಿಗೆಂದೇ ರುಕ್ಸೊಲಿಟಿನಿಬ್ ಮುಲಾಮಿಗೆ ಒಪ್ಪಿಗೆ ಸಿಕ್ಕಿದೆ.

ಇನ್ನೊಂದು: ಅಂಟಿನ ಬಿಂದಿ, ರಬ್ಬರ್ ಚಪ್ಪಲಿಯ ಪಟ್ಟಿ, ಬಿಗಿ ಲಾಡಿ ಬಿಡಲಿ. ಕೆಲವು ಅಂಟು, ರಬ್ಬರಿನ ರಾಸಾಯನಿಕಗಳು ಬಣ್ಣದ ಕೋಶಗಳಿಗೆ ವಿಷ. ತಿಕ್ಕಿದ, ತರಚಿದ ಕಡೆಯೂ ಹೊಸ ಕಲೆ ಏಳುತ್ತದೆ.
– ಚರ್ಮರೋಗ ವೈದ್ಯೆ, ಕಲಬುರಗಿ

ತಂಗಿ, ನನಗೆ ತುಟಿಯ ಮೇಲಿದೆ. ಎರಡು ವರ್ಷ ಮಾಸ್ಕ್ ಹಾಕಿಕೊಂಡೇ ಕಾಲೇಜಿಗೆ ಹೋದೆ. ಪರೀಕ್ಷಾ ಕೊಠಡಿಯಲ್ಲಿ ಒಮ್ಮೆ ತೆಗೆಸಿದರು. ಪಕ್ಕದ ಹುಡುಗ ನೋಡಿದ, ಪೆನ್ನು ಕೇಳಿದ, ಬರೆಯಲು ಕೂತ. ಆಮೇಲೆ ಹಾಕಿಲ್ಲ.
– ಬಿ.ಎಸ್ಸಿ. ವಿದ್ಯಾರ್ಥಿ, ಬೀದರ್

ಅತ್ತೆಯ ಮೇಲೆ ಸಿಟ್ಟಾಗಬೇಡಿ ತಾಯಿ. ಅವರು ಇದನ್ನು ‘ಬಿಳಿ ಕುಷ್ಠ’ ಎಂದೇ ಕೇಳುತ್ತ ಬೆಳೆದವರು, ಆ ಹೆಸರೇ ಅರ್ಧ ಅನ್ಯಾಯ ಮಾಡಿದೆ. ಮಗಳನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನ ಅವರನ್ನೂ ಕರೆದುಕೊಂಡು ಹೋಗಿ, ಒಳಗೆ ಪಕ್ಕದಲ್ಲೇ ಕೂರಿಸಿ. ಗಂಗಾಳದ ವಿಷಯವನ್ನು ಅವರೇ ವೈದ್ಯರಿಗೆ ಕೇಳಲಿ.
– ನಿವೃತ್ತ ಶಿಕ್ಷಕಿ, ಶಹಾಪುರ, ಯಾದಗಿರಿ ಜಿಲ್ಲೆ