ಸಹಾಯ ಬೇಕು: 2 ಇಂಚು ಎತ್ತಿಸಿದ ವಿ-ಕ್ರಾಸ್‌ಗೆ ಹಿಂದಿನ ಶಾಕ್ (ಶಾಕ್ ಅಬ್ಸಾರ್ಬರ್) ಯಾವುದು?

ಬಲ್ಲವರು ದಯವಿಟ್ಟು ಹೇಳಿ. ಗಾಡಿ ಇಸುಜು ವಿ-ಕ್ರಾಸ್ ಪಿಕಪ್, ಚಿತ್ರದುರ್ಗದ್ದು. ಹಿಂದಿನ ಲೀಫ್ ಸ್ಪ್ರಿಂಗಿಗೆ (ಉಕ್ಕಿನ ಪಟ್ಟಿ ಜೋಡಿಸಿದ ಸ್ಪ್ರಿಂಗ್) ಒಂದು ಪ್ಲೇಟು ಹೆಚ್ಚಿಗೆ ಹಾಕಿ ಎತ್ತಿಸಿದ್ದು, ಶಾಕ್ ಮಾತ್ರ ಕಂಪನಿಯದ್ದೇ. ನಾಲ್ಕೈದು ಮೂಟೆ ಅಡಿಕೆ ಹೇರಿದರೆ ತಕರಾರಿಲ್ಲ. ಖಾಲಿ ಇದ್ದಾಗ ಹೊಳಲ್ಕೆರೆ ರಸ್ತೆಯ ಹಂಪ್ ಇಳಿಯುವಾಗ ಹಿಂದೆ ‘ಧಡ್’ ಅಂತ ಬಡಿಯುತ್ತದೆ.

ಚಾಸಿಸ್‌ಗೆ ಜಾಕ್ ಕೊಟ್ಟು ಚಕ್ರ ನೇತಾಡಲು ಬಿಟ್ಟು ನೋಡಿದೆ. ಶಾಕಿನ ಕೆಳಗಿನ ಬೋಲ್ಟ್ ಬಿಚ್ಚಿದ ಕೂಡಲೇ ಆಕ್ಸಲ್ ಇನ್ನೂ 35 ಮಿ.ಮೀ. ಇಳಿಯಿತು. ಅಂದರೆ ಶಾಕ್ ಗಿಡ್ಡ, ಪೂರ್ತಿ ಎಳೆದುಕೊಂಡು ಕೊನೆಗೆ ಹೊಡೆಯುತ್ತಿದೆ. ಉದ್ದದ್ದು ಬೇಕು, ಆದರೆ ಅತಿ ಉದ್ದವಾದರೆ ಬಂಪ್ ಸ್ಟಾಪ್ (ಆಕ್ಸಲ್ ಅತಿಯಾಗಿ ಮೇಲೇರದಂತೆ ತಡೆಯುವ ರಬ್ಬರ್) ತಾಗುವ ಮೊದಲೇ ಶಾಕ್ ತಳ ಮುಟ್ಟಿ ಸೀಲ್ ಹೋಗುತ್ತದೆ. ಹಾಗಾಗಿ ಹೇಳುವವರು ಎಳೆದಾಗಿನ, ಒತ್ತಿದಾಗಿನ ಎರಡೂ ಅಳತೆ ಕೊಡಿ. ‘2 ಇಂಚಿಗೆ ಕೂರುತ್ತೆ’ ಅಂದರೆ ಸಾಲದು.

ಮಾನೋಟ್ಯೂಬ್‌ನಲ್ಲಿ (ಒಂದೇ ಕೊಳವೆಯ ಶಾಕ್) ಗ್ಯಾಸ್ ಒತ್ತಡ ಜಾಸ್ತಿ, ಖಾಲಿ ಗಾಡಿಗೆ ಅದು ಇನ್ನಷ್ಟು ಬಿರುಸಾದೀತು. ಕಡಿಮೆ ಒತ್ತಡದ ಟ್ವಿನ್ ಟ್ಯೂಬೇ (ಕೊಳವೆಯೊಳಗೆ ಕೊಳವೆ ಇರುವ ಶಾಕ್) ಸರಿ ಅನ್ನಿಸುತ್ತಿದೆ. ಬಿಸಿಯಾದರೆ ಅದು ಸೋಲುತ್ತದೆ, ನಿಜ, ಆದರೆ ನಮ್ಮದೇನು ರ‍್ಯಾಲಿಯಲ್ಲ. ಅದರಲ್ಲಿ ಹಗುರ ಲೋಡಿನ ವಾಲ್ವಿಂಗ್ (ಒಳಗೆ ಎಣ್ಣೆಯ ಹರಿವು ತಡೆಯುವ ಬಿಗಿ) ಸಿಗುತ್ತದೆಯೇ? ಅಥವಾ ಬಿರುಸಿಗೆ ಆ ಹೆಚ್ಚುವರಿ ಪ್ಲೇಟೇ ಕಾರಣವೇ, ಅದನ್ನು ತೆಗೆದು ಉದ್ದನೆಯ ಶಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಸ್‌ಗೆ ಜೋಡಿಸುವ ಕೊಂಡಿ) ಹಾಕಿದರೆ ಹೇಗೆ?

ಉದ್ದದ ಶಾಕ್ ಹಾಕಿದವರು, ಆಕ್ಸಲ್ ಪೂರ್ತಿ ಇಳಿದಾಗ ಬ್ರೇಕ್ ಹೋಸ್ ಬಿಗಿಯಿತೇ ತಿಳಿಸಿ. ಬುಶ್ (ಜೋಡಣೆಯ ರಬ್ಬರ್ ತೋಳು) ಬೋಲ್ಟನ್ನು ಗಾಡಿ ನೆಲಕ್ಕಿಳಿದ ಮೇಲೇ ಬಿಗಿಯಬೇಕು ಅಂತ ಗೊತ್ತು, ಇಲ್ಲದಿದ್ದರೆ ರಬ್ಬರ್ ತಿರುಚಿ ಹರಿಯುತ್ತದೆ. ದಾವಣಗೆರೆಯಲ್ಲಿ ಈ ಕೆಲಸ ಬಲ್ಲ ಮೇಸ್ತ್ರಿ ಇದ್ದರೂ ಹೇಳಿ.